ನಿಂತ ಮೋಟಾರಿನ ಶಾಖ

ಸ್ಟೆಪರ್ ಮೋಟಾರಿನ ಸುರುಳಿಗೆ ಸರಣಿಯಲ್ಲಿ ಜೋಡಿಸುವ ರೆಸಿಸ್ಟರು ಪ್ರವಾಹವನ್ನು ಮಿತಿಗೊಳಿಸುತ್ತದೆಂಬುದು ಸರ್ವವಿದಿತವಾದರೂ, ಆ ಮಿತಿಯ ಆವಶ್ಯಕತೆ ಯಾತರಿಂದ ಹುಟ್ಟಿತೆಂದು ವಿಚಾರಿಸದೆ ಅಂಗಡಿಗೆ ಹೋದವನಿಗೆ ಆಯ್ಕೆಯ ಸೂತ್ರ ಕೈಗೆ ಸಿಕ್ಕುವುದಿಲ್ಲವೆಂಬುದು, ತಾಮ್ರದ ತಂತಿ ಸುತ್ತುವ ಸಣ್ಣ ಯಂತ್ರವೊಂದನ್ನು ಕಟ್ಟುವ ಕಾಲದಲ್ಲಿ ನನಗೆ ಮನದಟ್ಟಾಯಿತು.

ನನ್ನ ಮೋಟಾರು ಆರು ತಂತಿಗಳದು; ಹೆಜ್ಜೆಗೆ 1.8 ಡಿಗ್ರಿ ತಿರುಗುವಂಥದು. ಸುರುಳಿಗೆ 5 ವೋಲ್ಟ್, 1 ಆಂಪಿಯರ್ ಎಂಬುದು ಅದರ ವಿಧಿ. ಅಂದರೆ ರೋಧ 5 ಓಮ್. ಐದೇ ವೋಲ್ಟ್ ಕೊಟ್ಟು ನಿಧಾನವಾಗಿ ನಡೆಸುವುದಾದರೆ ರೆಸಿಸ್ಟರಿನ ಗೊಡವೆಯೇ ಇಲ್ಲ. ಆದರೆ ವೇಗ ಹೆಚ್ಚಿದಂತೆಲ್ಲ, ಸುರುಳಿಯ ಪ್ರೇರಕತ್ವವು ಪ್ರವಾಹದ ಏರಿಕೆಯನ್ನು ತಡೆಹಿಡಿದು, ಅದು ಪೂರ್ಣಮಟ್ಟವನ್ನು ಮುಟ್ಟುವ ಮುನ್ನವೇ ಮುಂದಿನ ಹೆಜ್ಜೆಯ ಸರದಿ ಬಂದೊದಗುವುದರಿಂದ, ಬಲ ಕುಗ್ಗಿ ಮೋಟಾರು ಹೆಜ್ಜೆ ತಪ್ಪತೊಡಗುತ್ತದೆ. 9 ಮಿಲಿಹೆನ್ರಿಯ ಸುರುಳಿಗೆ 5 ಓಮಿನೊಡನೆ ಕಾಲಸ್ಥಿರಾಂಕ 1.8 ಮಿಲಿಸೆಕೆಂಡು; 20 ಓಮಿನ ರೆಸಿಸ್ಟರನ್ನು ಸೇರಿಸಿ 25 ವೋಲ್ಟ್ ಕೊಟ್ಟೆವೆಂದರೆ, ಪ್ರವಾಹ ಅದೇ 1 ಆಂಪಿಯರಿನಲ್ಲಿ ನಿಂತು, ಕಾಲಸ್ಥಿರಾಂಕ ಮಾತ್ರ 0.36 ಮಿಲಿಸೆಕೆಂಡಿಗೆ ಇಳಿಯುತ್ತದೆ. ಹೆಚ್ಚಿನ ವೋಲ್ಟೇಜನ್ನು ಸುರುಳಿ ಸುಡದಂತೆ ಬಳಸಿಕೊಳ್ಳುವುದಕ್ಕೋಸ್ಕರವೇ ರೆಸಿಸ್ಟರು ಬೇಕಾದುದು.

ಓಮಿನ ಲೆಕ್ಕ ಅಲ್ಲಿಗೆ ಮುಗಿಯಿತು. ಸುರುಳಿಯ ಪ್ರವಾಹವನ್ನು ಹರಿಸಿ ನಿಲ್ಲಿಸುವ ಡಾರ್ಲಿಂಗ್ಟನ್ ಟ್ರಾನ್ಸಿಸ್ಟರು ನುಂಗುವ ಸುಮಾರು 1 ವೋಲ್ಟನ್ನು ಕಳೆದರೆ 19 ಓಮ್ ಸಾಕು. ಪೇಟೆಯಲ್ಲಿ ದೊರೆಯುವ 20 ಓಮಿನದೇ ಸರಿಹೋಗುತ್ತದೆ.

ಕಠಿನವಾದುದು ವ್ಯಾಟಿನ ವಿಚಾರ. 1 ಆಂಪಿಯರ್ ಹರಿಯುವ 20 ಓಮಿನಲ್ಲಿ 20 ವ್ಯಾಟ್ ಶಾಖವಾಗಿ ವ್ಯಯವಾಗುತ್ತದೆ. ಸುರುಳಿಯೊಳಗೆ ವ್ಯಯವಾಗುವುದಾದರೋ 5 ವ್ಯಾಟ್ ಮಾತ್ರ. ರೆಸಿಸ್ಟರಿನ ಮೈಮೇಲೆ ಅಚ್ಚಾದ ವ್ಯಾಟು ತೆರೆದ ಗಾಳಿಯಲ್ಲಿ ಅದು ಸಹಿಸಬಲ್ಲ ಪರಮಾವಧಿಯೆಂಬುದನ್ನೂ, ಆ ಮಿತಿಯಲ್ಲಿ ತಂತಿ ಸುತ್ತಿದ ರೆಸಿಸ್ಟರಿನ ಮೈ ಇನ್ನೂರು ಡಿಗ್ರಿಯನ್ನೂ ಮೀರಬಲ್ಲದೆಂಬುದನ್ನೂ ಬಲ್ಲವನು, ಲೆಕ್ಕ ಹೇಳಿದ್ದಕ್ಕಿಂತ ಎರಡು ಪಟ್ಟಿಗೆ ಕಡಮೆಯಿಲ್ಲದ್ದನ್ನು ಕೊಳ್ಳುತ್ತಾನೆ. ಅಲ್ಯೂಮಿನಿಯಂ ಕವಚದ 50 ವ್ಯಾಟಿನವು ಒಳ್ಳೆಯವು. ಆದರೆ ಲೋಹದ ಹಲಗೆಗೆ ಬಿಗಿಯದೆ ಬಿಟ್ಟರೆ ಅವುಗಳ ಸಾಮರ್ಥ್ಯ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಕ್ಕುವ, 10 ವ್ಯಾಟಿನ ಬಿಳಿಯ ಸಿಮೆಂಟ್ ರೆಸಿಸ್ಟರುಗಳೇ ಗತಿಯಾದರೆ, 20 ಓಮಿನ ನಾಲ್ಕನ್ನು ಎರಡೆರಡಾಗಿ ಸರಣಿಯಲ್ಲಿಟ್ಟು, ಆ ಜೋಡಿಗಳನ್ನು ಸಮಾಂತರವಾಗಿ ಕೂಡಿಸಬಹುದು. ಒಟ್ಟು ರೋಧ 20 ಓಮೇ ಉಳಿದು, ಒಂದೊಂದರ ಪಾಲಿಗೆ 5 ವ್ಯಾಟ್ ಮಾತ್ರ ಬೀಳುತ್ತದೆ.

ಸುರುಳಿಗಳ ನಡುವಿನಿಂದ ಹೊರಡುವ ಎರಡು ತಂತಿಗಳಿಗೂ ಸೇರಿಸಿ ಒಂದೇ ರೆಸಿಸ್ಟರನ್ನು ಹಾಕುವ ಪದ್ಧತಿಯನ್ನು ನಾನು ಒಪ್ಪಲಾರೆ. ಅರೆಹೆಜ್ಜೆಯ ನಡಿಗೆಯಲ್ಲಿ ಒಮ್ಮೆ ಒಂದು ಸುರುಳಿಯೂ ಇನ್ನೊಮ್ಮೆ ಎರಡೂ ಎಚ್ಚರಗೊಳ್ಳುವಾಗ, ಪ್ರವಾಹವನ್ನು ಅವು ಹಂಚಿಕೊಳ್ಳಬೇಕಾಗಿ ಹೆಜ್ಜೆಹೆಜ್ಜೆಗೂ ಬಲ ಏರುಪೇರಾಗುತ್ತದೆ. ತಂತಿಗೊಂದರಂತೆ ಎರಡು ಬೇಕು. ಟ್ರಾನ್ಸಿಸ್ಟರನ್ನು ರಕ್ಷಿಸುವ ಡಯೋಡನ್ನೂ ರೆಸಿಸ್ಟರಿನಾಚೆಯ ಧನತುದಿಗೇ ಕಟ್ಟಿದರೆ, ಸುರುಳಿಯ ಪ್ರವಾಹ ಇಳಿಯುವಾಗಲೂ ರೆಸಿಸ್ಟರಿನ ಮೂಲಕವೇ ಹಾದು ಬೇಗ ಶಮಿಸುತ್ತದೆ.

ನನಗೆ ಅತ್ಯಂತ ಮುಖ್ಯವಾಗಿ ಕಂಡುದು ಬೇರೊಂದು. ಓಡುವ ಮೋಟಾರಿಗಿಂತ ನಿಂತ ಮೋಟಾರೇ ರೆಸಿಸ್ಟರುಗಳಿರುವ ಪೆಟ್ಟಿಗೆಯನ್ನು ಹೆಚ್ಚು ಕಾಯಿಸುತ್ತದೆ; ಏಕೆಂದರೆ ವೇಗದ ನಡಿಗೆಯಲ್ಲಿ ಪ್ರವಾಹ ಪೂರ್ಣಮಟ್ಟದಲ್ಲಿರುವ ಕಾಲ ಅಲ್ಪವಾದರೆ, ನಿಂತಾಗ ಅದು ಎಡೆಬಿಡದೆ ಹರಿಯುತ್ತದೆ. ತಂತಿಯ ಉರುಳೆಯನ್ನು ಬದಲಾಯಿಸುವ ಬಿಡುವಿನಲ್ಲಿ ಎರಡು ರೆಸಿಸ್ಟರುಗಳೂ ಕೂಡಿ 40 ವ್ಯಾಟನ್ನು ಕಾರುತ್ತಿರುತ್ತವೆ. ಯಂತ್ರ ನಿಂತೊಡನೆ ವೋಲ್ಟೇಜನ್ನು ಅರ್ಧಕ್ಕಿಳಿಸುವ ಸ್ವಿಚ್ಚನ್ನು ಅಳವಡಿಸಿದ ಮೇಲೆ, ಪ್ರವಾಹ ಅರ್ಧವಾಗಿ ಶಾಖ ಕಾಲುಭಾಗಕ್ಕಿಳಿಯಿತು. ಉಳಿದ ಬಲ ಉರುಳೆಯನ್ನು ಹಿಡಿದಿಡಲು ಧಾರಾಳವಾಗಿ ಸಾಕಾಯಿತು.

ಹೊಸದಾಗಿ ಯಂತ್ರ ಕಟ್ಟುವವರಿಗೆ, ಪ್ರವಾಹವನ್ನು ತುಂಡರಿಸಿ ನಿಯಂತ್ರಿಸುವ ಚಾಪರ್ ಡ್ರೈವರನ್ನೇ ಕೊಳ್ಳಿರೆಂದು ಹೇಳುತ್ತೇನೆ. ಹಳೆಯ ಯಂತ್ರವನ್ನು ಉಳಿಸಿಕೊಳ್ಳುವವರು ಮಾತ್ರ ರೆಸಿಸ್ಟರುಗಳನ್ನು ಪೆಟ್ಟಿಗೆಯ ಹೊರಗೆ, ಲಂಬವಾಗಿ ನಿಲ್ಲಿಸಿದ ಲೋಹದ ಹಲಗೆಗೆ, ಗಾಳಿ ಕೆಳಗಿನಿಂದ ಮೇಲಕ್ಕೆ ಸರಾಗವಾಗಿ ಹಾಯುವಂತೆ ಬಿಗಿದು, ಅವುಗಳ ತುದಿಗಳಿಗೆ ಬಿಸಿ ತಾಳುವ ಗಾಜಿನ ನೂಲಿನ ಕೊಳವೆ ತೊಡಿಸಲಿ; ಪಿ.ವಿ.ಸಿ. ತಂತಿ ಅಲ್ಲಿ ಬಹುಕಾಲ ಬಾಳದು.