ಹಾದಿಯೋ, ಹೆದ್ದಾರಿಯೋ?

ವಿಜಯಪುರ ಜಿಲ್ಲೆಯು ಸೈಕಲ್ ಪಟುಗಳ ತವರೆಂದು ಹೆಸರಾಗಿದೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಲ್ಲಿ ಸೈಕಲ್ಲು ಕೇವಲ ಕ್ರೀಡಾಸಾಧನವಲ್ಲ. ಶಾಲೆಗೂ ಸಂತೆಗೂ ಒಯ್ಯುವ ವಾಹನ. 2006-07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ವಿತರಣೆಯನ್ನು ಆರಂಭಿಸಿದ ಮೇಲೆ, ದೂರದ ಪ್ರೌಢಶಾಲೆಯು ಅನೇಕ ಬಾಲಕಿಯರಿಗೆ ಹತ್ತಿರವಾಯಿತು. ಆದರೆ ಅವರು ಸಾಗಬೇಕಾದ ದಾರಿ ಯಾವುದು?

ಅಭ್ಯಾಸನಿರತನಾದ ಪಟುವು ಡಾಂಬರು ರಸ್ತೆಯನ್ನೇ ಬಯಸುವನು. ವೇಗಕ್ಕೆ ಸಮತಟ್ಟಾದ ನೆಲ ಬೇಕು. ಹೊರೆ ಹೊತ್ತವರೂ ದನಕರುಗಳೂ ನಡೆಯುವ ಹಾದಿಯಲ್ಲಿ ಆ ವೇಗವು ಅಪಾಯಕರ. ಶಾಲೆಯ ಬಾಲಕಿಗಾದರೋ ಸಿಂದಗಿಯ ಮೂಲಕ ಹಾಯುವ ಹೆದ್ದಾರಿಯ ಲಾರಿಗಳ ಭಯ. ಆಕೆಗೆ ಹೊಲಗಳ ನಡುವಣ ಬಂಡಿದಾರಿಯೇ ಲೇಸು. ಆದರೆ ಮಳೆ ಬಿದ್ದೊಡನೆ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಸೈಕಲ್ಲನ್ನು ನಿಲ್ಲಿಸಿಬಿಡುತ್ತದೆ. ಆಗ ಆಕೆಯೂ ಹೆದ್ದಾರಿಗೆ ಬರಬೇಕು, ಇಲ್ಲವೇ ಆ ದಿನದ ಪಾಠವನ್ನು ಕಳೆದುಕೊಳ್ಳಬೇಕು.

ಆದುದರಿಂದ ಹಾದಿಯೂ ಬೇಕು, ರಸ್ತೆಯೂ ಬೇಕು. ರಸ್ತೆಯ ಅಂಚನ್ನು ಗಟ್ಟಿಗೊಳಿಸಿ ಸೈಕಲ್ಲಿಗೆ ಎಡೆಮಾಡುವುದು ಸಮಾಜದ ಹೊಣೆ. ಹಾದಿಯಲ್ಲಿ ಗಂಟೆ ಬಾರಿಸಿ, ವೇಗ ತಗ್ಗಿಸಿ, ನಡೆಯುವವರಿಗೆ ದಾರಿ ಬಿಡುವುದು ಸವಾರನ ಧರ್ಮ; ರಸ್ತೆಯಲ್ಲಿ ಸವಾರನನ್ನು ಕಾಯುವುದು ವಾಹನಚಾಲಕನ ಧರ್ಮ. ಬಲವುಳ್ಳವನು ಬಲವಿಲ್ಲದವನಿಗೆ ದಾರಿ ಬಿಟ್ಟಾಗಲೇ ದಾರಿಯು ಎಲ್ಲರದಾಗುತ್ತದೆ.