ಅಜ್ಜನ ಅಜ್ಜಿಯ ಹೆಸರೇನು?



ನಮ್ಮ ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಹೆಸರಾಗಿದೆ. ಕೂಸನ್ನು ತೊಟ್ಟಿಲಲ್ಲಿ ಹಾಕಿ ಹೆಸರಿಡುತ್ತಾರೆ. ಹಾಗೆ ಇಟ್ಟ ಹೆಸರು ಎಷ್ಟು ವರ್ಷ ಉಳಿಯುತ್ತದೆ? ಇದನ್ನು ನಾನು ನಮ್ಮ ಮನೆಯಲ್ಲೇ ಹುಡುಕಿ ನೋಡಿದೆ.

ಸಮಾಜ ವಿಜ್ಞಾನದ ಗುರುಗಳು ಐದು ತಲೆಮಾರಿನ ವಂಶಾವಳಿ ಬರೆದುಕೊಂಡು ಬರಲು ಹೇಳಿದ್ದರು. ನಾನು ಅಜ್ಜನನ್ನು ಕೇಳಿ ಒಂದೇ ಸಂಜೆಯಲ್ಲಿ ಬರೆದು ಮುಗಿಸಿದೆ. ನಾನು, ಅಪ್ಪ, ಅಜ್ಜ, ಅಜ್ಜನ ಅಪ್ಪ, ಅಜ್ಜನ ಅಜ್ಜ. ಗುರುಗಳು ನೋಡಿ, "ಛಲೋ ಬರದೀಯವ್ವಾ. ಆದ್ರ ನಿನ್ನ ಬಿಟ್ರ ಇದರಾಗ ಹೆಣ್ಣಮಕ್ಕಳು ಒಬ್ರೂ ಇಲ್ಲಲ್ಲ. ಇವರೆಲ್ಲ ಗಿಡದಾಗ ಹುಟ್ಟ್ಯಾರೇನು?" ಎಂದರು. ಎಲ್ಲರೂ ನಕ್ಕರು. ನನಗೆ ನಾಚಿಕೆಯಾಯಿತು.

ಮನೆಗೆ ಬಂದು, "ಅಜ್ಜಾ, ನಿನ್ನ ಅಜ್ಜಿ ಹೆಸರೇನು?" ಎಂದು ಕೇಳಿದೆ. ಅಜ್ಜ ಬಹಳ ಹೊತ್ತು ಸುಮ್ಮನೆ ಕುಳಿತ. "ಎಲ್ಲಾರೂ ದೊಡ್ಡವ್ವ ಅಂತಿದ್ರು. ಹೆಸರು ನಾ ಕೇಳೇ ಇಲ್ಲ ನೋಡು" ಎಂದ.

ಮೊದಲು ಮದುವೆಯ ದಾಖಲೆ. ಮದುವೆಯನ್ನು ನೋಂದಾಯಿಸುವ ಕರ್ನಾಟಕದ ಕಾಯ್ದೆ 1976 ರದು. ಎಲ್ಲ ಮದುವೆಗಳನ್ನೂ ಕಡ್ಡಾಯವಾಗಿ ನೋಂದಾಯಿಸಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2006 ರಲ್ಲಿ. ಅದಕ್ಕೂ ಮೊದಲು ನಮ್ಮ ಹಳ್ಳಿಯ ಮದುವೆಗೆ ಹಂದರವೇ ಸಾಕ್ಷಿ, ಉಂಡು ಹೋದ ಬೀಗರೇ ಸಾಕ್ಷಿ. ಕ್ರೈಸ್ತರ ಮನೆಗಳಿಗೆ ಚರ್ಚಿನ ಪುಸ್ತಕವಿದೆ. ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಬಂದದ್ದು 1837 ರಲ್ಲಿ. ಇಂಥ ಚರ್ಚುಗಳಲ್ಲಿ ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದನ್ನು ಬರೆದಿಡುವ ಪದ್ಧತಿ ಇದೆ. ಮುಸಲ್ಮಾನರಲ್ಲಿ ಕಾಜಿಯವರ ಹತ್ತಿರ ನಿಕಾಹದ ಪುಸ್ತಕ ಇರುತ್ತದೆ. ಉಳಿದವರು ಹಳೆಯ ಲಗ್ನಪತ್ರಿಕೆ, ಆಯೇರಿ ಬರೆದ ಪಟ್ಟಿ ಹುಡುಕಬೇಕು. ನಮ್ಮ ಮನೆಯಲ್ಲಿ ಅವು ಇರಲಿಲ್ಲ.

ಎರಡನೆಯದು ಸಾವಿನ ದಾಖಲೆ. ಈಗಿನ ಜನನ ಮರಣ ನೋಂದಣಿ ಕಾಯ್ದೆ 1969 ರದು. ಅದಕ್ಕೆ ಮೊದಲೂ ಲೆಕ್ಕ ಇತ್ತು. ನಮ್ಮ ಧಾರವಾಡ ಜಿಲ್ಲೆ 1956 ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಆಗ ಊರಲ್ಲಿ ಹುಟ್ಟಿದವರ, ಸತ್ತವರ ಲೆಕ್ಕವನ್ನು ಪಾಟೀಲರು, ಕುಲಕರ್ಣಿಯವರು ಇಡುತ್ತಿದ್ದರು. 1918 ರಲ್ಲಿ ಇನ್‌ಫ್ಲುಯೆಂಜಾ ಜ್ವರ ಬಂದು ದೇಶದ ತುಂಬ ಲಕ್ಷಗಟ್ಟಲೆ ಜನ ಸತ್ತರು. ಅಂಥ ವರ್ಷ ಯಾವ ಮನೆಯಲ್ಲಿ ಯಾರು ಹೋದರೆಂದು ತಿಳಿಯಲು ಇಂಥ ಪುಸ್ತಕವೇ ಆಧಾರ. ಆದರೆ ಹಳೆಯ ಪುಸ್ತಕ ನೋಡಬೇಕಾದರೆ ಸತ್ತ ವರ್ಷ, ಊರು ಗೊತ್ತಿರಬೇಕು. ದೊಡ್ಡವ್ವ ತೀರಿದ ವರ್ಷ ನಮಗೆ ಗೊತ್ತಿರಲಿಲ್ಲ.

ಮೂರನೆಯದು ಹೊಲದ ಕಾಗದ. ಹೊಲದ ಯಜಮಾನ ಸತ್ತರೆ ವಾರಸಾ ದಾಖಲಾಗುತ್ತದೆ. ನಮ್ಮ ಕಡೆ ಅದಕ್ಕೆ ಡೈರಿ ಎನ್ನುತ್ತಾರೆ. ಅಂದರೆ ಡೈರಿ ಸಹ ಒಂದು ಸಾವಿನ ದಾಖಲೆಯೇ. ಅಜ್ಜನ ಟ್ರಂಕಿನಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟ ಹಳೆಯ ನಕಲು ಇತ್ತು. ಅದನ್ನು ಓದಲು ಈ ಶಬ್ದಗಳು ಗೊತ್ತಿರಬೇಕು, ಬರೆದುಕೊಳ್ಳಿರಿ:

ಬಿನ್: ಇಂಥವರ ಮಗ.
ಕೋಂ: ಇಂಥವರ ಹೆಂಡತಿ.
ಮಯತ: ತೀರಿಕೊಂಡವರು.
ಉರ್ಫ್: ಕರೆಯುವ ಇನ್ನೊಂದು ಹೆಸರು.
ಅಜ್ಞಾನ: ಬುದ್ಧಿ ಇಲ್ಲದವ ಎಂದಲ್ಲ, ವಯಸ್ಸು ತುಂಬದವ.

ಇನ್ನೂ ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿ ಇರುತ್ತವೆ. ಅವನ್ನು ಬಲ್ಲವರಿಂದಲೇ ಓದಿಸಬೇಕು. ನಮ್ಮದು ಪುಣ್ಯಕ್ಕೆ ಕನ್ನಡದಲ್ಲಿತ್ತು.

ಅಜ್ಜನ ಅಜ್ಜ ತೀರಿದಾಗ ಮಕ್ಕಳು ಸಣ್ಣವರು. ಅದಕ್ಕೇ ಅಜ್ಞಾನ ಮಕ್ಕಳ ಪಾಲನೆ ಮಾಡುವವಳು ಎಂದು ತಾಯಿಯ ಹೆಸರು ಬರೆದಿದ್ದರು. ಹೆಸರು, ಮುಂದೆ ಕೋಂ, ಅದರ ಮುಂದೆ ಗಂಡನ ಹೆಸರು. ನಾನು ಗಟ್ಟಿಯಾಗಿ ಓದಿದೆ. ಅಜ್ಜ, "ಇನ್ನೊಮ್ಮೆ ಓದವ್ವಾ" ಎಂದ. ಅದು ನಮ್ಮ ದೊಡ್ಡ ಅತ್ತಿಯ ಹೆಸರೇ! ಅಜ್ಜನ ಅಪ್ಪ ತಾಯಿಯ ಹೆಸರನ್ನು ಮೊಮ್ಮಗಳಿಗೆ ಇಟ್ಟಿದ್ದ. ಯಾಕೆ ಇಟ್ಟನೆಂಬುದು ಮನೆಯಲ್ಲಿ ಮರೆತುಹೋಗಿತ್ತು. (ಮನೆತನದ ಹೆಸರು ಗೋಡೆಗೆ ಬರೆಯುವುದು ಬೇಡ ಎಂದು ಅಜ್ಜ ಹೇಳಿದ್ದರಿಂದ ಇಲ್ಲಿ ಬರೆದಿಲ್ಲ. ನನ್ನ ನೋಟಬುಕ್ಕಿನಲ್ಲಿ ಇದೆ.)

ಆಮೇಲೆ ನನಗೆ ಒಂದು ವಿಚಾರ ಬಂತು. ಗಂಡ ಬೇಗ ಸತ್ತದ್ದರಿಂದ ಆಕೆಯ ಹೆಸರು ಕಾಗದಕ್ಕೆ ಬಂತು. ಅವನು ಮಕ್ಕಳು ದೊಡ್ಡವರಾಗುವವರೆಗೆ ಬದುಕಿದ್ದರೆ ಹೆಸರು ಬರುತ್ತಲೇ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ಹೆಳವರು ಬಂದು ನಮ್ಮ ಮನೆತನದ ಸಾಲು ಓದಿದಾಗಲೂ ಗಂಡಸರ ಹೆಸರುಗಳೇ ಬಂದವು. ಇದು ನಮ್ಮ ಊರಿನ ಮಾತಷ್ಟೇ ಅಲ್ಲ. 1951-52 ರ ಮೊದಲ ಮಹಾಚುನಾವಣೆಯಲ್ಲಿ, ಉತ್ತರದ ರಾಜ್ಯಗಳಲ್ಲೇ ಹೆಚ್ಚಾಗಿ, ಸುಮಾರು 28 ಲಕ್ಷ ಹೆಣ್ಣುಮಕ್ಕಳ ಹೆಸರನ್ನು ಮತದಾರರ ಪಟ್ಟಿಯಿಂದ ಬಿಡಬೇಕಾಯಿತು. ಅವರು ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು.

ಹೆಸರು ಹೋದರೆ ಏನು ಹೋಯಿತು ಎಂದು ಕೇಳಬಹುದು. ಹಿಂದೂ ಮನೆತನಗಳಲ್ಲಿ ಮಗಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಎಂದು 2005 ರ ಕಾಯ್ದೆ ಹೇಳುತ್ತದೆ. ವಂಶಾವಳಿಯಲ್ಲಿ ಮಗಳ ಹೆಸರು ಬಿಟ್ಟರೆ ಆಕೆಯ ಪಾಲೂ ಬಿಟ್ಟುಹೋಗಬಹುದು.

ಹೊಲ ಇಲ್ಲದ ಮನೆಯವರು ಏನು ಮಾಡಬೇಕು? ಶಾಲೆಯ ಹಳೆಯ ದಾಖಲಾತಿ ರಜಿಸ್ಟರ, ಪಂಚಾಯತಿಯ ಮನೆಪಟ್ಟಿಯ ಪುಸ್ತಕ, ಹಳೆಯ ಮತದಾರರ ಪಟ್ಟಿ, ಇವುಗಳಿಂದ ಆರಂಭಿಸಬಹುದು. ಎಲ್ಲಕ್ಕಿಂತ ಮೊದಲು ಮನೆಯ ಹಿರಿಯರನ್ನು ಕೇಳಿರಿ. ಅಜ್ಜಿಯ ತವರಿಗೆ ಹೋದಾಗ ಅಲ್ಲಿಯೂ ಕೇಳಿರಿ. ಆಕೆ ಗಂಡನ ಮನೆಯಲ್ಲಿ ದೊಡ್ಡವ್ವ ಆಗಿರಬಹುದು, ತವರಿನಲ್ಲಿ ಹೆಸರು ಹಿಡಿದೇ ಕರೆದಿರುತ್ತಾರೆ. ಹೇಳಿದವರು ಯಾರು, ಯಾವ ದಿನ ಹೇಳಿದರು ಎಂಬುದನ್ನೂ ಬರೆದಿಡಿರಿ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ 21 ದಿನದೊಳಗೆ ನೋಂದಣಿ ಮಾಡಿಸಲು ಹಿರಿಯರಿಗೆ ನೆನಪು ಮಾಡಿರಿ. ಹೆಸರು ಸರಿಯಾಗಿ ಬರೆದಿದ್ದಾರೋ ಇಲ್ಲವೋ ಓದಿ ನೋಡಿರಿ.

ನನ್ನ ವಂಶಾವಳಿಯನ್ನು ಮತ್ತೆ ಬರೆದು ಗುರುಗಳಿಗೆ ತೋರಿಸಿದೆ. ಈ ಸಲ ಅದರಲ್ಲಿ ನಾಲ್ವರು ತಾಯಂದಿರ ಹೆಸರಿವೆ. ದೊಡ್ಡವ್ವನ ತಾಯಿಯ ಹೆಸರು ಇನ್ನೂ ಸಿಕ್ಕಿಲ್ಲ. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ದಸರಾ ರಜೆಯಲ್ಲಿ ಆಕೆಯ ತವರೂರಿಗೆ ಅಜ್ಜನ ಜೊತೆ ಹೋಗಿ ಕೇಳಿ ಬರುತ್ತೇನೆ.