ಅಕ್ಷರಗಳನ್ನು ಶೋಧಿಸುವ ಬಗೆ

ಜಾವಾಸ್ಕ್ರಿಪ್ಟ್ ಎಂಬ ಗಣಕಭಾಷೆಯಲ್ಲಿ ಹಲವು ಅಂಶಗಳನ್ನು ಒಂದರ ಹಿಂದೊಂದಾಗಿ ಇರಿಸುವ ಸಾಲಿಗೆ ಅರೇ ಎಂದು ಹೆಸರು. ಆ ಸಾಲಿನಲ್ಲಿ ಅಕ್ಷರಗಳೂ ಅಂಕಿಗಳೂ ವಿರಾಮಚಿಹ್ನೆಗಳೂ ಬೆರೆತಿರುವಾಗ ಬೇಕಾದುವನ್ನು ಮಾತ್ರ ಆರಿಸಿಕೊಳ್ಳುವ ಕ್ರಮವನ್ನು ಈ ಪಾಠದಲ್ಲಿ ವಿಚಾರಿಸೋಣ. ಇದು ಸುಲಭವೆಂದು ತೋರುವುದು. ಆದರೆ ನಮ್ಮ ಲಿಪಿಗೆ ಅನ್ವಯಿಸುವಾಗ ಒಬ್ಬಳ ಹೆಸರೇ ಕೆಟ್ಟುಹೋಗುವ ಸಂಭವವುಂಟಾದ ಕಾರಣ ವಿದ್ಯಾರ್ಥಿನಿಯರು ಗಮನವಿಟ್ಟು ಓದತಕ್ಕದ್ದು.

ಈ ಕಾರ್ಯಕ್ಕೆ ಎರಡು ಸಾಧನಗಳು ಬೇಕು. ಮೊದಲನೆಯದು ಫಿಲ್ಟರ್. ಅದು ಜರಡಿಯಂತೆ ಸಾಲಿನ ಒಂದೊಂದು ಅಂಶವನ್ನೂ ಪರೀಕ್ಷಿಸಿ, ಉತ್ತೀರ್ಣವಾದುವನ್ನು ಹೊಸ ಸಾಲಿನಲ್ಲಿ ಕೂಡಿಸಿ ಕೊಡುವುದು; ಹಳೆಯ ಸಾಲು ಇದ್ದಂತೆಯೇ ಇರುವುದು. ಎರಡನೆಯದು ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಎಂಥ ಅಕ್ಷರ ಬೇಕೆಂಬುದನ್ನು ಸಂಕ್ಷೇಪವಾಗಿ ತಿಳಿಸುವ ಮಾದರಿ. ಗಣಿತಜ್ಞ ಸ್ಟೀಫನ್ ಕ್ಲೀನಿಯವರು ನರಜಾಲಗಳನ್ನು ಕುರಿತು ೧೯೫೬ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದರ ಮೂಲವಿದೆ. ಪಠ್ಯದಲ್ಲಿ ಪದ ಹುಡುಕಲು ಇದನ್ನು ಬಳಸುವ ಬಗೆಯನ್ನು ಕೆನ್ ಥಾಮ್ಸನ್ ೧೯೬೮ರಲ್ಲಿ ತೋರಿಸಿದರು. ನರಗಳ ವಿಚಾರವು ಕಾಗುಣಿತದ ವಿಚಾರಕ್ಕೆ ಬಂದು ನಿಂತುದು ವಿಚಿತ್ರವೇ ಸರಿ.

ಮಾದರಿಯನ್ನು ಎರಡು ಓರೆಗೀಟುಗಳ ನಡುವೆ ಬರೆಯುವರು. /[೦-೯]/ ಎಂದರೆ ಯಾವುದಾದರೂ ಒಂದು ಕನ್ನಡ ಅಂಕಿ. ಇದರಂತೆಯೇ /[ಅ-ಹ]/ ಎಂದರೆ ಕನ್ನಡ ಅಕ್ಷರಗಳೆಲ್ಲವೂ ಬರುವುವೆಂದು ಎಣಿಸುವುದು ಸಹಜ. "ಕಮಲ, ೭" ಎಂಬುದನ್ನು ಬಿಡಿಬಿಡಿಯಾಗಿ ಸಾಲಿನಲ್ಲಿಟ್ಟು ಹೀಗೆ ಶೋಧಿಸಿದರೆ ಅಲ್ಪವಿರಾಮ, ತೆರಪು, ಅಂಕಿ ಮೂರೂ ಹೋಗಿ "ಕಮಲ" ಎಂದು ಶುದ್ಧವಾಗಿ ಉಳಿಯುವುದು. ಅದೇ ಮಾದರಿಗೆ "ಶಾಂತಾ" ಎಂಬುದನ್ನು ಕೊಟ್ಟರೆ "ಶತ" ಎಂದು ಹೊರಬರುವುದು! ಹುಡುಗಿಯ ಹೆಸರು ಹೋಗಿ ನೂರು ಎಂಬ ಸಂಖ್ಯೆ ಉಳಿಯಿತು. ಯಂತ್ರವಾದರೋ ಯಾವ ದೋಷವನ್ನೂ ಸೂಚಿಸುವುದಿಲ್ಲ.

ಯಾಕೆಂದರೆ, ನಮಗೆ ಎರಡಕ್ಷರವಾದ ಶಾಂತಾ ಯಂತ್ರಕ್ಕೆ ಐದು ಸಂಕೇತಗಳು: ಶಕಾರ, ದೀರ್ಘಚಿಹ್ನೆ, ಅನುಸ್ವಾರ, ತಕಾರ, ಪುನಃ ದೀರ್ಘಚಿಹ್ನೆ. ಯೂನಿಕೋಡ್ ಪಟ್ಟಿಯಲ್ಲಿ ಕಾಗುಣಿತದ ಚಿಹ್ನೆಗಳು ಹಕಾರದ ಆಚೆಗೆ ಇವೆ. ಅನುಸ್ವಾರ ವಿಸರ್ಗಗಳು ಅಕಾರಕ್ಕಿಂತ ಮುಂಚೆಯೇ ಇವೆ. ನಾವು ಕಟ್ಟಕಡೆಗೆ ಹೇಳುವ ಳಕಾರವು ಅಲ್ಲಿ ಹಕಾರಕ್ಕೆ ಮೊದಲೇ ಇರುವುದರಿಂದ ಹೇಗೋ ಉಳಿದುಕೊಂಡಿತು. ಕಮಲ ಎಂಬಲ್ಲಿ ಚಿಹ್ನೆಯೇ ಇಲ್ಲ. ಆದಕಾರಣ ಅಂಥ ಹೆಸರಿನಿಂದ ಮಾದರಿಯನ್ನು ಪರೀಕ್ಷಿಸಿ ತೃಪ್ತರಾಗಬಾರದು. ಸೊನ್ನೆಯೂ ಒತ್ತಕ್ಷರವೂ ಇರುವ ಹೆಸರುಗಳನ್ನೇ ಆರಿಸಿಕೊಳ್ಳಬೇಕು.

ಪರಿಹಾರವು ೨೦೧೮ರ ನಿಯಮಾವಳಿಯಲ್ಲಿ ದೊರೆಯಿತು. ಅಂದಿನಿಂದ ಮಾದರಿಯಲ್ಲಿ "ಅಕ್ಷರ" ಎಂಬ ವರ್ಗವನ್ನೂ "ಕೂಡುಚಿಹ್ನೆ" ಎಂಬ ವರ್ಗವನ್ನೂ ಹೆಸರಿಸಬಹುದು. ಎರಡನ್ನೂ ಒಂದೇ ಚೌಕಕಂಸದಲ್ಲಿ ಇಟ್ಟರೆ ಶಾಂತಾ ಶಾಂತಾಳಾಗಿಯೇ ಉಳಿಯುವಳು. ಕೊನೆಯ ಓರೆಗೀಟಿನ ಮುಂದೆ ಯು ಎಂಬ ಇಂಗ್ಲಿಷ್ ಅಕ್ಷರವನ್ನು ಮರೆಯಕೂಡದು. ಅದಿಲ್ಲದಿದ್ದರೆ ಯಂತ್ರವು ವರ್ಗದ ಹೆಸರನ್ನು ಬರಿಯ ಇಂಗ್ಲಿಷ್ ಅಕ್ಷರಗಳೆಂದು ಓದಿ, ಕನ್ನಡ ಹೆಸರಿಗೆ ಬರಿದಾದ ಸಾಲನ್ನು ಹಿಂದಿರುಗಿಸುವುದು. "ರಾಜ್‌ಕುಮಾರಿ" ಎಂಬಲ್ಲಿ ಜಕಾರದ ಅರ್ಧಾಕ್ಷರವನ್ನು ಒತ್ತಾಗದಂತೆ ತಡೆಯುವ ಕಣ್ಣಿಗೆ ಕಾಣದ ಸಂಕೇತವೊಂದುಂಟು. ಅದು ಈ ಎರಡು ವರ್ಗಗಳಿಗೂ ಸೇರದು. ಅದನ್ನು ಪ್ರತ್ಯೇಕವಾಗಿ ಸೇರಿಸದಿದ್ದರೆ "ರಾಜ್ಕುಮಾರಿ" ಎಂದಾಗುವುದು.

ಇನ್ನೊಂದು ಮಾತು. ಬದಲಾವಣೆಯ ಕೆಲಸಗಳಲ್ಲಿ ಮಾದರಿಯ ಕೊನೆಗೆ ಜಿ ಎಂಬ ಅಕ್ಷರವನ್ನು ಸೇರಿಸುವ ವಾಡಿಕೆಯುಂಟು. ಫಿಲ್ಟರಿನೊಳಗೆ ಒಂದೇ ಮಾದರಿಯನ್ನು ಟೆಸ್ಟ್ ಎಂಬ ಕ್ರಮದಿಂದ ಮತ್ತೆ ಮತ್ತೆ ಬಳಸುವಾಗ ಅದು ಬೇಡ. ಜಿ ಇದ್ದರೆ ಮಾದರಿಯು ತಾನು ಹಿಂದೆ ನಿಂತ ಸ್ಥಾನವನ್ನು ನೆನಪಿನಲ್ಲಿಟ್ಟು, ಮುಂದಿನ ಅಂಶವನ್ನು ಅಲ್ಲಿಂದಲೇ ಹುಡುಕಲು ಹೊರಡುವುದು. ಹೀಗಾಗಿ ಒಂಟಿ ಅಕ್ಷರಗಳ ಸಾಲಿನಲ್ಲಿ ಎಲ್ಲವೂ ಸರಿಯಾದವೇ ಆಗಿದ್ದರೂ ಮೊದಲನೆಯದು ಉಳಿದು ಎರಡನೆಯದು ಹೋಗುವುದು, ಮೂರನೆಯದು ಉಳಿದು ನಾಲ್ಕನೆಯದು ಹೋಗುವುದು.